ಆದದ್ದಕ್ಕೋ, ಮಾಡಿದ್ದಕ್ಕೋ

ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ಗಂಜಿಯಕ್ಕ ಲಾಂಡ್ರಿಯ ಕಡೆ ತಲೆ ಹಾಕಿರಲಿಲ್ಲ. ಅವಳು ಹೋಗಲಿಲ್ಲವೆಂದು ಉಳಿದ ಹೆಂಗಸರೂ ಹೋಗಲಿಲ್ಲ. ಬಾಯ್ಲರ್ ತಣ್ಣಗಾಗಿತ್ತು. ಆಸ್ಪತ್ರೆಗಳಿಂದ ಬಂದ ಬಟ್ಟೆಯ ಗಂಟುಗಳು ಅಂಗಳದಲ್ಲಿ ಬಿದ್ದಲ್ಲೇ ಕೊಳೆಯುತ್ತಿದ್ದವು. ಗಾಳಿ ಬೀಸಿದಾಗ ಆ ನಾತ ಕೆಲಸದವರ ಲೈನ್ ಮನೆಗಳವರೆಗೂ ಬರುತ್ತಿತ್ತು. ಯಾರೂ ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ. ಅದು ಅವರು ತಿನ್ನುವ ಅನ್ನದ ವಾಸನೆ.

ಚಾದರಗಳಿಗೆ ಹಾಕುವ ಗಂಜಿ ಕಾಯಿಸುವವಳು ಅವಳು, ಹಾಗಾಗಿ ಎಲ್ಲರಿಗೂ ಗಂಜಿಯಕ್ಕ. ಗಂಡ ಬಾಯ್ಲರಿಗೆ ಬೆಂಕಿ ಹಾಕುವವನು, ಅವನು ಬಾಯ್ಲರಣ್ಣ. ಮಗಳು ಹುಟ್ಟಿದಾಗ ಲೈನಿನ ಹೆಂಗಸರು, ಬೆಂಕಿಗೂ ಗಂಜಿಗೂ ಹುಟ್ಟಿದ್ದು ಉಗಿಯೇ ಸರಿ ಎಂದು ನಕ್ಕಿದ್ದರು. ಈಗ ಆ ಮಾತನ್ನು ನೆನೆಸಿಕೊಳ್ಳಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ.

ಲಾಂಡ್ರಿಯಲ್ಲಿ ಒಂದರ ಹಿಂದೆ ಒಂದರಂತೆ ಮೂರು ಕೋಣೆಗಳು. ಮುಂದಿನದರಲ್ಲಿ ಕೊಳೆ ಬಟ್ಟೆ ವಿಂಗಡಿಸುತ್ತಿದ್ದರು. ರಕ್ತ, ಕೀವು, ಹೇಲು, ಉಚ್ಚೆ. ಬಟ್ಟೆಯ ಮಡಿಕೆಯೊಳಗೆ ಒಮ್ಮೆ ಸೂಜಿ ಸಿಗುತ್ತಿತ್ತು, ಒಮ್ಮೆ ಕತ್ತರಿ, ಒಮ್ಮೆ ಯಾರದೋ ಹಲ್ಲು. ನಡುವಿನ ಕೋಣೆಯಲ್ಲಿ ಒಗೆಯುವ ಡ್ರಮ್ಮುಗಳು, ಗಂಜಿಯ ಹಂಡೆ, ಉಗಿಯಿಂದ ಕಾಯುವ ಇಸ್ತ್ರಿ ರೋಲರ್. ಹಿಂದಿನ ಕೋಣೆಯಲ್ಲಿ ಮಡಿಸುವ ಕೆಲಸ. ಅಲ್ಲಿಂದ ಓಣಿಗೆ ಒಂದು ಬಾಗಿಲು. ಆ ಓಣಿಯಲ್ಲೇ ಹೆಂಗಸರ ಕಕ್ಕಸು.

ಹೋಟೆಲಿನವರ ಟವೆಲುಗಳು ಕಡಿಮೆ ಬಿದ್ದವು ಎಂದು ಲಾಂಡ್ರಿಯ ಯಜಮಾನ ಆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಸಿದ. ಕೀಲಿ ಮೇಸ್ತ್ರಿಯ ಸೊಂಟದಲ್ಲಿ. ಅಂದಿನಿಂದ ಹೆಂಗಸರು ಉಚ್ಚೆಗೆ ಹೋಗಬೇಕಾದರೂ ಮೇಸ್ತ್ರಿಯ ಮುಂದೆ ನಿಂತು ಕೇಳಬೇಕಾಯಿತು. ಈಗ ತಾನೇ ಹೋಗಿ ಬಂದೆಯಲ್ಲ, ಸೊಂಟಕ್ಕೇನು ತೂತು ಬಿದ್ದಿದೆಯಾ ಎಂದು ಅವನು ಕೇಳುತ್ತಿದ್ದ. ಸಂಜೆ ಮನೆಗೆ ಹೊರಟಾಗ ಸೆರಗು ಕೊಡವಿಸಿ ನೋಡುತ್ತಿದ್ದ. ಗಂಜಿಯಕ್ಕನ ಮಗಳು ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಳು. ಅವನ ಮುಂದೆ ನಿಂತು ಕೇಳುವುದಕ್ಕಿಂತ ಗಂಟಲು ಒಣಗಿಸಿಕೊಳ್ಳುವುದು ವಾಸಿ ಎನ್ನುತ್ತಿದ್ದಳು.

ಆ ಮಧ್ಯಾಹ್ನ ರೋಲರಿಗೆ ಹೋಗುವ ಪೈಪಿನ ಜಾಯಿಂಟ್ ಬಿಚ್ಚಿಕೊಂಡಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಡುವಿನ ಕೋಣೆಯಲ್ಲಿ ಬರೀ ಬಿಳಿ ಉಗಿ. ಅಲ್ಲಿದ್ದವರು ಮುಂದಕ್ಕೆ ಓಡಿ ಬದುಕಿಕೊಂಡರು. ಮಗಳು ಹಿಂದಿನ ಕೋಣೆಯಲ್ಲಿ ಒಬ್ಬಳೇ ಇದ್ದಳು. ಅವಳು ಹಿಂಬಾಗಿಲಿಗೆ ಓಡಿದಳು. ಗಂಜಿಯಕ್ಕ ಹೊರಗಿನಿಂದ ಸುತ್ತು ಹಾಕಿ ಓಣಿಗೆ ಬಂದಾಗ ಒಳಗಿನಿಂದ ಬಡಿಯುವ ಸದ್ದು ಕೇಳುತ್ತಿತ್ತು. ಮೇಸ್ತ್ರಿ ಯಜಮಾನನ ಮನೆಗೆ ಹೋಗಿದ್ದ. ಕೀಲಿಯೂ ಅವನ ಜೊತೆಗೇ ಹೋಗಿತ್ತು. ಅವಳು ಕಲ್ಲು ಹುಡುಕಿ ತಂದು ಬೀಗ ಜಜ್ಜಿದಳು. ಜಜ್ಜುತ್ತಾ ಇರುವಾಗಲೇ ಒಳಗಿನ ಸದ್ದು ನಿಂತಿತು. ಬಾಗಿಲು ತೆರೆದಾಗ ಮೊದಲು ಉಗಿ ಬಂತು. ಆಮೇಲೆ ಮಗಳು ಮೈಮೇಲೆ ಬಿದ್ದಳು. ಹಿಡಿದುಕೊಂಡ ಕೈಗೆ ಚರ್ಮ ಬಂತು.

ಯಜಮಾನ ಊರಿನ ಕ್ರೈಸ್ತ ಸಭೆಯ ಹಿರಿಯ. ದೇವಾಲಯದ ಹೆಂಚಿನ ಮಾಡು ಅವನು ಮಾಡಿಸಿದ್ದು, ಮೊದಲ ಬೆಂಚು ಅವನ ಮನೆಯವರದು. ಲಾಂಡ್ರಿಯವರು ಪಕ್ಕದ ಬಾಗಿಲಿನಿಂದ ಬಂದು ಹಿಂದಿನ ಬೆಂಚುಗಳಲ್ಲಿ ಕೂರುತ್ತಿದ್ದರು. ರೋಗಿಗಳ ಬಟ್ಟೆ ಒಗೆಯುವ ಕೈ ಎಂದು ಅವರಿಗೆ ಕರ್ತನ ಭೋಜನದ ದ್ರಾಕ್ಷಾರಸದ ಪಾತ್ರೆ ಎಲ್ಲರದೂ ಮುಗಿದ ಮೇಲೆ ಬರುತ್ತಿತ್ತು. ಅವರು ತುಟಿ ಇಟ್ಟ ಮೇಲೆ ಅದರ ಅಂಚನ್ನು ಎರಡೆರಡು ಸಲ ಒರೆಸುತ್ತಿದ್ದರು. ಒರೆಸುವ ಆ ಬಿಳಿ ಬಟ್ಟೆಯನ್ನು ಒಗೆದು ಗಂಜಿ ಹಾಕಿ ಕೊಡುತ್ತಿದ್ದವಳು ಗಂಜಿಯಕ್ಕ.

ಪಾದ್ರಿ ಕೆಟ್ಟವನಲ್ಲ. ಮಗಳ ಹೆಣದ ಮುಂದೆ ಅವನೂ ಕಣ್ಣೀರು ಹಾಕಿದ್ದ. ಆದರೆ ಮೊದಲ ಬೆಂಚಿನ ಕಡೆ ನೋಡದೆ ಅವನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಮಣ್ಣು ಮಾಡಿದ ಮರುವಾರ ಅವನು ಲೈನ್ ಮನೆಗೆ ಬಂದು ಮಣೆಯ ಮೇಲೆ ಕೂತ. ಯಜಮಾನರು ತನ್ನ ಮುಂದೆ ಮೊಣಕಾಲೂರಿ ಅತ್ತರೆಂದ. ಬರುವ ಭಾನುವಾರ ಸಭೆಯ ಎದುರು ಕ್ಷಮೆ ಕೇಳುತ್ತಾರೆ, ನೀನು ಮುಂದೆ ಬಂದು ಅವರ ಕೈ ಹಿಡಿದು ಕ್ಷಮಿಸಿದೆ ಎಂದರೆ ಸಾಕು, ಸೋಮವಾರದಿಂದ ಎಲ್ಲರೂ ಕೆಲಸಕ್ಕೆ ಹೋಗಬಹುದು, ಎಷ್ಟು ಮನೆಗಳ ಒಲೆ ಉರಿಯುತ್ತದೆ ಯೋಚಿಸು ಎಂದ.

"ಏನಕ್ಕೆ ಕ್ಷಮೆ ಕೇಳ್ತಾರಂತೆ?" ಎಂದಳು ಗಂಜಿಯಕ್ಕ.

"ಆದದ್ದಕ್ಕಮ್ಮ. ಆಗಬಾರದ್ದು ಆಗಿಹೋಯ್ತಲ್ಲ, ಅದಕ್ಕೆ."

"ಆದದ್ದಕ್ಕೋ, ಮಾಡಿದ್ದಕ್ಕೋ?"

ಪಾದ್ರಿ ಕೈಯಲ್ಲಿದ್ದ ನೀರಿನ ಲೋಟವನ್ನು ನೋಡಿದ.

"ಆದದ್ದಕ್ಕೆ ಅವರ್ಯಾಕೆ ಕೇಳ್ಬೇಕು, ಅಯ್ಯನೋರೇ? ಮಾಡಿದ್ದಕ್ಕೆ ಆದ್ರೆ, ಮಾಡ್ದೆ ಅಂತ ಹೇಳ್ಲಿ."

ಕ್ಷಮೆ ಅನ್ನೋದು ಸಂತೆಯ ಚೌಕಾಸಿ ಅಲ್ಲ ಎಂದ ಪಾದ್ರಿ. ಕರ್ತನು ಶಿಲುಬೆಯ ಮೇಲೆ ಕ್ಷಮಿಸಿದಾಗ ಮೊಳೆ ಹೊಡೆದವರು ತಪ್ಪಾಯ್ತು ಅಂದಿದ್ದರೇ ಎಂದು ಕೇಳಿದ. ಅವನು ಪ್ರಾರ್ಥನೆ ಮಾಡಿ ಎದ್ದುಹೋದ. ಲೋಟದ ನೀರು ಹಾಗೇ ಉಳಿದಿತ್ತು.

ಆ ಮಾತು ಅವಳೊಳಗೆ ಮುಳ್ಳಿನಂತೆ ಮುರಿದು ಕೂತಿತು. ಅವಳು ನಂಬಿದವಳು. ಬೆಂಚು ಹಿಂದಿರಲಿ ಮುಂದಿರಲಿ, ದೇವರು ಒಬ್ಬನೇ ಎಂದು ನಂಬಿದವಳು. ಕ್ಷಮಿಸದವರಿಗೆ ಕ್ಷಮೆಯಿಲ್ಲ ಎಂದು ಮಗಳಿಗೆ ಹೇಳಿಕೊಟ್ಟವಳೂ ಅವಳೇ. ಈಗ ತಾನು ಕ್ಷಮಿಸದೆ ಸತ್ತರೆ, ಮಗಳು ಇರುವಲ್ಲಿಗೆ ತನ್ನನ್ನು ಬಿಡುತ್ತಾರೆಯೇ? ಪಾತ್ರೆ ತಿಕ್ಕುತ್ತಾ ಒಬ್ಬಳೇ ಇದ್ದಾಗ "ಕ್ಷಮಿಸಿದೆ" ಎಂದು ಗಟ್ಟಿಯಾಗಿ ಹೇಳಿ ನೋಡಿದಳು. ಬಾಯಿಂದ ಬಂತು. ಎದೆಯಲ್ಲಿ ಏನೂ ಕದಲಲಿಲ್ಲ. ಮತ್ತೆ ಹೇಳಿದಳು. ಬೂದಿ ಅಗಿದ ಹಾಗಾಯಿತು.

ಎರಡು ದಿನ ಬಿಟ್ಟು ಯಜಮಾನನೇ ಬಂದ. ಕಾರು ಲೈನಿನ ಓಣಿಗೆ ಹಿಡಿಸದೆ ಅದರ ಬಾಯಲ್ಲೇ ನಿಂತಿತು. ಅವನು ನಡೆದು ಬರುವುದನ್ನು ಕಂಡು ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಜೊತೆಗೆ ಬಂದ ಮೇಸ್ತ್ರಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಮನೆಯೊಳಗೆ ಬೆಳಕು ಕಡಿಮೆಯಾಯಿತು. ಯಜಮಾನ ಕೂರಲಿಲ್ಲ. ಮಾಡನ್ನು ನೋಡಿದ, ಗೋಡೆ ನೋಡಿದ. ಮನೆ ಅವನದೇ. ಸೋರುತ್ತದೆಯೇ ಎಂದು ಕೇಳಿದ. ಮಳೆ ಬಂದಾಗ ಎಂದಳು ಅವಳು. ಮಾಡಿಸೋಣ ಎಂದ.

ಆಮೇಲೆ ಮೆತ್ತಗಿನ ದನಿಯಲ್ಲಿ ಹೇಳಿದ.

"ನೋಡಮ್ಮ, ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾರೆ. ಬಾಯ್ಲರ್ ಯಾರ ಜವಾಬ್ದಾರಿ ಅಂತ ಕೇಳ್ತಾರೆ. ಬೆಂಕಿ ಹಾಕೋನು ನಿನ್ನ ಗಂಡ, ಪೈಪು ನೋಡ್ಕೊಳ್ಳೋನು ನಿನ್ನ ಗಂಡ. ನಾನು ಬಾಯಿ ಬಿಟ್ರೆ ಅವನ ಗತಿ ಏನು? ಆದ್ರೆ ನಾನು ಬಿಡಲ್ಲ. ನಿನ್ನ ಗಂಡನ್ನ ನಾನು ಕ್ಷಮಿಸಿದೀನಿ. ಮನಸಾರೆ ಕ್ಷಮಿಸಿದೀನಿ. ನೀನೂ ಹಾಗೇ ಮಾಡು. ಒಬ್ಬರನ್ನೊಬ್ಬರು ಕ್ಷಮಿಸಿಕೊಂಡು ಬಾಳೋದೇ ಅಲ್ವಾ ನಮ್ಮ ಧರ್ಮ."

ಗಂಜಿಯಕ್ಕನಿಗೆ ಕಿವಿಯೊಳಗೆ ಗುಂಯ್ ಎಂದಿತು. ಭಾನುವಾರ ಬೇಗ ಬಾ, ಮುಂದೆಯೇ ಕೂತ್ಕೋ, ನನ್ನ ಹೆಂಡತಿ ಜಾಗ ಬಿಡ್ತಾಳೆ ಎಂದು ಹೇಳಿ ಅವನು ಹೊರಟ. ಮೇಸ್ತ್ರಿ ಹೋಗುವ ಮೊದಲು ಮನೆಯೊಳಗಿನ ಸಾಮಾನುಗಳ ಮೇಲೆಲ್ಲ ಕಣ್ಣಾಡಿಸಿದ. ಖಾಲಿ ಮಾಡಿಸಿದರೆ ಎಷ್ಟು ಗಾಡಿ ಬೇಕು ಎಂದು ಅಳೆಯುವವನ ನೋಟ ಅದು.

ಬಾಯ್ಲರಣ್ಣ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವಳು ಬಂದು ನಿಂತಾಗ ತಲೆಯೆತ್ತಲಿಲ್ಲ.

"ಜಾಯಿಂಟ್ ಸೋರ್ತಿತ್ತು," ಎಂದ. "ನನಗೆ ಗೊತ್ತಿತ್ತು. ಅವರಿಗೂ ಹೇಳಿದ್ದೆ. ಈಗ ನಿಲ್ಲಿಸೋಕಾಗಲ್ಲ, ಏನಾದ್ರೂ ಸುತ್ತಿ ನಡೆಸು ಅಂದ್ರು. ಚಿಂದಿ ಸುತ್ತಿ ತಂತಿ ಬಿಗಿದೆ. ಅವಳು ಅಲ್ಲೇ ಕೆಲಸ ಮಾಡ್ತಾಳೆ ಅಂತ ಗೊತ್ತಿದ್ದೂ ಬಿಗಿದೆ. ಇನ್ನೊಂದು ಸಲ ಹೇಳೋಕೆ ಹೆದರಿದೆ."

ಅವಳು ಅವನ ಬೆನ್ನಿಗೆ ಹೊಡೆದಳು. ಮುಷ್ಟಿ ಕಟ್ಟಿ ಗುದ್ದಿದಳು. ಅವನು ಅಲುಗಲಿಲ್ಲ, ಕೈ ಅಡ್ಡ ತರಲಿಲ್ಲ. ಕೈ ಸೋಲುವವರೆಗೂ ಗುದ್ದಿ ನೆಲಕ್ಕೆ ಕುಸಿದು ಕೂತಳು. ಮಣ್ಣು ಮಾಡಿದ ದಿನವೂ ಬಾರದ ಅಳು ಆಗ ಬಂತು. ಇಬ್ಬರೂ ಅತ್ತರು, ಪಕ್ಕದ ಮನೆಯವರು ಬಂದು ನೋಡಿ ಸದ್ದಿಲ್ಲದೆ ಹಿಂದಿರುಗುವ ಹಾಗೆ ಅತ್ತರು. ಬಿಸಿಲು ಗೋಡೆಯಿಂದ ಇಳಿದ ಮೇಲೆ ಅವಳು ಎದ್ದು ತೊಟ್ಟಿಯಿಂದ ನೀರು ಮೊಗೆದು ಅವನ ಕೈಗೆ ಹೊಯ್ದಳು. ಅವನು ಮುಖ ತೊಳೆದುಕೊಂಡ. ಊಟಕ್ಕೆ ಬಾ ಎಂದಳು.

ತಟ್ಟೆಗೆ ಬಡಿಸುವಾಗ ಅವಳಿಗೆ ಹೊಳೆಯಿತು. ಕ್ಷಮೆ ಅಂದರೆ ಇದೇ. ಇವನ ಮೇಲಿನ ಸಿಟ್ಟು ಹೋಗಿರಲಿಲ್ಲ, ನೋವು ಮೊದಲಿಗಿಂತ ಹೆಚ್ಚಾಗಿತ್ತು. ಆದರೂ ಎದೆಯೊಳಗೆ ಏನೋ ಸಡಿಲವಾಗಿ ಇವನಿಗೆ ದಾರಿ ಬಿಟ್ಟಿತ್ತು. ಇವನು ಹೇಳಿದ್ದಕ್ಕೆ ಬಿಟ್ಟಿತ್ತು. ತನ್ನ ಎದೆ ಕಲ್ಲಾಗಿಲ್ಲ ಎಂದು ತಿಳಿದು ಅವಳಿಗೆ ಸಮಾಧಾನವಾಯಿತು. ಯಜಮಾನನಿಗೂ ಕೊಡಬಲ್ಲೆ ಎನಿಸಿತು. ಅವನು ಅರ್ಧ ದಾರಿ ಬಂದರೂ ಕೊಡಬಲ್ಲೆ.

ಶನಿವಾರ ಅವಳು ಒಬ್ಬಳೇ ಲಾಂಡ್ರಿಗೆ ಹೋದಳು. ಮಗಳು ನಿಂತ ಜಾಗವನ್ನು ನೋಡಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕೆಂದು ಹೋದವಳು. ಪೈಪು ಹೊಸದಾಗಿತ್ತು. ಗೋಡೆಗೆ ಸುಣ್ಣ ಬಳಿದಿದ್ದರು. ಓಣಿಗೆ ಸುತ್ತಿ ಬಂದು ನೋಡಿದರೆ ಹಳೆಯ ಮರದ ಬಾಗಿಲಿಲ್ಲ, ಕಬ್ಬಿಣದ ಹೊಸ ಬಾಗಿಲು. ಅದಕ್ಕೂ ಹೊರಗಿನಿಂದಲೇ ಚಿಲಕ. ಚಿಲಕಕ್ಕೆ ಬೀಗ. ಅವಳ ಅಂಗೈಗಿಂತ ದೊಡ್ಡ ಬೀಗ, ಇನ್ನೂ ಎಣ್ಣೆ ಒಣಗಿರಲಿಲ್ಲ. ಮೇಸ್ತ್ರಿ ಬಂದ. ಇದನ್ನು ಕಲ್ಲಲ್ಲಿ ಒಡೆಯೋಕಾಗಲ್ಲ ಎಂದು ನಕ್ಕ.

ಅವಳು ಬೀಗವನ್ನು ಕೈಯಲ್ಲಿ ಎತ್ತಿ ತೂಗಿ ನೋಡಿ ಬಿಟ್ಟಳು. ಅದು ಬಾಗಿಲಿಗೆ ಬಡಿದ ಸದ್ದು ಖಾಲಿ ಕೋಣೆಗಳೊಳಗೆ ಓಡಿಹೋಯಿತು.

ಭಾನುವಾರ ದೇವಾಲಯ ತುಂಬಿತ್ತು. ಬಾರದವರೂ ಬಂದಿದ್ದರು. ಮೊದಲ ಬೆಂಚಿನಲ್ಲಿ ಯಜಮಾನನ ಹೆಂಡತಿ ಸರಿದು ಜಾಗ ಬಿಟ್ಟಿದ್ದಳು. ಗಂಜಿಯಕ್ಕ ಹಿಂದೆಯೇ ಕೂತಳು. ಹಾಡು ಮುಗಿದ ಮೇಲೆ ಯಜಮಾನ ಎದ್ದು ಮೇಜಿನ ಪಕ್ಕ ನಿಂತ. ದೇವರ ಚಿತ್ತದಂತೆ ನಮ್ಮ ಲಾಂಡ್ರಿಯಲ್ಲಿ ಒಂದು ದುರ್ಘಟನೆ ನಡೆಯಿತು, ನನ್ನಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ ಎಂದ. ಕರವಸ್ತ್ರದಿಂದ ಕಣ್ಣೊತ್ತಿಕೊಂಡ. ಕೈ ಚಾಚಿ ನಿಂತ.

ಗಂಜಿಯಕ್ಕ ಎದ್ದಳು. ಬೆಂಚುಗಳ ನಡುವೆ ಅವಳು ನಡೆದಂತೆ ಎರಡೂ ಕಡೆಯವರು ಬಟ್ಟೆ ಮುದುರಿಕೊಂಡರು. ಅವಳು ಅವನ ಮುಂದೆ ಬಂದು ನಿಂತಳು. ಕೈ ಹಿಡಿಯಲಿಲ್ಲ.

"ಯಜಮಾನ್ರೇ, ಆ ಬೀಗ ಹಾಕ್ಸಿದ್ದು ಯಾರು?"

"ಅದಕ್ಕೆಲ್ಲ ಇದು ಜಾಗ ಅಲ್ಲಮ್ಮ," ಎಂದ ಅವನು ಮೆಲ್ಲಗೆ.

"ಇದೇ ಜಾಗ. ಬೇರೆ ಕಡೆ ನಿಮ್ಮನ್ನ ಕೇಳೋ ಧೈರ್ಯ ನನಗಿಲ್ಲ." ಎಂದಳು ಅವಳು. "ಬೀಗ ನಾನು ಹಾಕಿಸ್ದೆ, ಅದಕ್ಕೇ ನಿನ್ನ ಮಗಳು ಸತ್ಲು. ಇಷ್ಟು ಹೇಳಿ. ಹೊಸ ಬೀಗ ತೆಗೆಸ್ತೀನಿ ಅನ್ನಿ. ಈ ಕ್ಷಣವೇ ನಿಮ್ಮ ಕೈ ಹಿಡೀತೀನಿ. ನಿಮಗೋಸ್ಕರ ಪ್ರಾರ್ಥನೆನೂ ಮಾಡ್ತೀನಿ. ಕಷ್ಟ ಆಗುತ್ತೆ, ಆದ್ರೂ ಮಾಡ್ತೀನಿ."

ಚಾಚಿದ ಕೈ ಹಾಗೇ ಇತ್ತು. ಅದರ ಬೆರಳುಗಳು ನಿಧಾನವಾಗಿ ಮಡಚಿಕೊಂಡವು. ಪಾದ್ರಿ ಹಾಡಿನ ಪುಸ್ತಕ ತೆರೆದು, ಯಾವ ಹಾಡು ಎಂದು ಹೇಳಲಾಗದೆ ಮತ್ತೆ ಮುಚ್ಚಿದ. ಆಗ ಹಿಂದಿನ ಬೆಂಚಿನಿಂದ ಬಾಯ್ಲರಣ್ಣ ಎದ್ದ. ಸಭೆಯಲ್ಲಿ ಅವನು ಬಾಯಿ ತೆರೆದದ್ದು ಅದೇ ಮೊದಲು. ಜಾಯಿಂಟ್ ಸೋರುತ್ತಿತ್ತು, ಗೊತ್ತಿದ್ದೂ ಚಿಂದಿ ಸುತ್ತಿದೆ, ಅದು ನನ್ನ ಪಾಪ ಎಂದ. ಹೆಂಡತಿಗೆ ಹೇಳಿದೆ, ಅವಳು ನನ್ನನ್ನು ಹೊಡೆದಳು, ಆಮೇಲೆ ಊಟಕ್ಕೆ ಕರೆದಳು ಎಂದ. ಸುತ್ತಿ ನಡೆಸು ಅಂದವರು ನೀವು, ಇನ್ನು ನೀವು ಹೇಳಿ ಎಂದ.

ಯಜಮಾನ ಅವನನ್ನು ನೋಡಲಿಲ್ಲ. ಮೊದಲ ಬೆಂಚುಗಳ ಕಡೆ ತಿರುಗಿದ. ಅವನ ಮುಖದಲ್ಲಿ ಅಳು ಇರಲಿಲ್ಲ.

"ಕೇಳಿದ್ರಲ್ಲ? ಎಲ್ಲರ ಎದುರಿಗೆ ಅವನೇ ಒಪ್ಕೊಂಡ."

ಚಾಚಿದ್ದ ಕೈಯನ್ನು ಜೇಬಿಗೆ ಇಳಿಸಿ, ಹೋಗಿ ಹೆಂಡತಿಯ ಪಕ್ಕ ಕೂತ.

ಸೋಮವಾರ ಬೆಳಿಗ್ಗೆ ಪೊಲೀಸರು ಬಾಯ್ಲರಣ್ಣನನ್ನು ಕರೆದುಕೊಂಡು ಹೋದರು. ಸಾಕ್ಷಿಗೆ ಮೂರು ಬೆಂಚಿನ ಜನ ಇದ್ದರು. ಜೀಪು ಹತ್ತುವ ಮೊದಲು ಅವನು ಹೆಂಡತಿಯನ್ನು ನೋಡಿ, ನಾನು ಹೇಳಿದ್ದು ತಪ್ಪಾಯಿತೇ ಎಂದು ಕೇಳಿದ.

"ಇಲ್ಲ," ಎಂದಳು. "ಹೇಳಿದೋನು ನೀನೊಬ್ಬನೇ."

ಬೀಗದ ವಿಷಯ ಯಾರೂ ಕೇಳಲಿಲ್ಲ. ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಮುಂಬಾಗಿಲಿನಿಂದ ಬಂದು ಮುಂಬಾಗಿಲಿನಿಂದ ಹೋದ. ಮರುದಿನ ಮೇಸ್ತ್ರಿ ಲೈನಿನ ಮನೆಮನೆಗೂ ಹೋಗಿ, ನಾಳೆ ಕೆಲಸಕ್ಕೆ ಬಾರದವರು ಮನೆ ಖಾಲಿ ಮಾಡಬೇಕು ಎಂದ. ಹೆಂಗಸರು ಗಂಜಿಯಕ್ಕನ ಬಾಗಿಲಿಗೆ ಬಂದು ನಿಂತರು. ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಮಕ್ಕಳಿದ್ದವರು, ಹಸಿದವರು.

"ಹೋಗಿ," ಎಂದಳು ಅವಳು. "ನಿಮ್ಮ ಮೇಲೆ ನನಗೇನೂ ಇಲ್ಲ. ಆ ಬಾಗಿಲು ಹಾಕಿರೋವಾಗ ಮಾತ್ರ ಒಳಗೆ ನಿಲ್ಬೇಡಿ."

ಅವರು ಹೋದರು. ಒಳಗೆ ಕಾಲಿಡುವ ಮೊದಲು ಓಣಿಗೆ ಸುತ್ತಿ ಬಂದು, ಚೌಕಟ್ಟಿನ ಕೀಲುಗಳ ಮೊಳೆ ಕಿತ್ತು, ಆ ಕಬ್ಬಿಣದ ಬಾಗಿಲನ್ನು ಬೀಗದ ಸಮೇತ ಎತ್ತಿ ತೆಗೆದರು. ನೆಂದ ಚಾದರದ ಗಂಟು ಹೊತ್ತ ಭುಜಗಳು. ಅವರಿಗೆ ಅದೇನೂ ಭಾರವಾಗಲಿಲ್ಲ. ಅಂಗಳಕ್ಕೆ ತಂದು ಅಂಗಾತ ಮಲಗಿಸಿ, ಅದರ ಮೇಲೆ ಕೊಳೆತ ಗಂಟುಗಳನ್ನು ಒಟ್ಟಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕಿಳಿದರು. ಮೇಸ್ತ್ರಿ ಕೂಗಾಡಿದ. ಒಬ್ಬರೂ ತಿರುಗಿ ನೋಡಲಿಲ್ಲ. ಕಕ್ಕಸಿಗೆ ಹೋಗಬೇಕೆನಿಸಿದವಳು ಅವನ ಮುಂದೆಯೇ ಎದ್ದು ಹೋಗಿ ಬಂದಳು.

ಬಾಗಿಲನ್ನು ಮತ್ತೆ ಕೂರಿಸಲು ಕೆಲಸಗಾರರು ಶನಿವಾರ ಬರುತ್ತಾರೆ, ಜೊತೆಗೆ ಬೇರೆಯವರೂ ಬರುತ್ತಾರೆ ಎಂದು ಮೇಸ್ತ್ರಿ ಹೇಳಿಕೊಂಡು ತಿರುಗಿದ. ಬೇರೆಯವರು ಎಂದರೆ ಯಾರೆಂದು ಹೇಳಲಿಲ್ಲ. ಶನಿವಾರ ಲೈನಿನ ಬಾಯಲ್ಲಿ ಗುರುತಿಲ್ಲದ ನಾಲ್ಕು ಗಂಡಸರು ಬಂದು ನಿಂತರು. ಏನೂ ಮಾಡಲಿಲ್ಲ. ಹೋಗಿಬರುವ ಹೆಂಗಸರ ಮುಖ ನೋಡುತ್ತಾ ಕತ್ತಲಾಗುವವರೆಗೂ ನಿಂತಿದ್ದು ಹೋದರು. ಗಂಜಿಯಕ್ಕನ ಸಾಮಾನುಗಳನ್ನು ಅಂದೇ ಮಧ್ಯಾಹ್ನ ಬೀದಿಗೆ ಹಾಕಿದ್ದರು. ಪಕ್ಕದ ಮನೆಯವಳು ಹಾಸಿಗೆ ಸುತ್ತಿ ತನ್ನ ಮನೆಯೊಳಗೆ ಎಳೆದುಕೊಂಡಳು.

ಭಾನುವಾರ ದೇವಾಲಯಕ್ಕೆ ಬರಬೇಡ ಎಂದು ಪಾದ್ರಿ ಹೇಳಿ ಕಳಿಸಿದ್ದ. ಅವಳು ಬಂದಳು. ಪಕ್ಕದ ಬಾಗಿಲಿನಿಂದ ಬಂದು ತನ್ನ ಬೆಂಚಿನಲ್ಲಿ ಕೂತಳು. ಲೈನಿನವರು ಅವಳ ಎರಡೂ ಕಡೆ ಒತ್ತಿಕೊಂಡು ಕೂತರು. ಆ ನಾಲ್ಕು ಗಂಡಸರಲ್ಲಿ ಇಬ್ಬರು ದೊಡ್ಡ ಬಾಗಿಲ ಹೊರಗೆ ಬೀಡಿ ಸೇದುತ್ತಿದ್ದರು. ಯಜಮಾನ ಮೊದಲ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದ.

ಪಾದ್ರಿ ಕರ್ತನು ಕಲಿಸಿದ ಪ್ರಾರ್ಥನೆಯನ್ನು ಶುರು ಮಾಡಿದ. ಎಲ್ಲರೂ ಎದ್ದು ನಿಂತು ಸೇರಿಕೊಂಡರು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು ಎನ್ನುವ ಸಾಲು ಬಂದಾಗ ಗಂಜಿಯಕ್ಕನ ಬಾಯಿ ಮುಚ್ಚಿತು. ಯಜಮಾನನನ್ನು ನಾನಿನ್ನೂ ಕ್ಷಮಿಸಿಲ್ಲ, ಮಾಡದ್ದನ್ನು ಮಾಡಿದ್ದೇನೆ ಎಂದು ದೇವರ ಮುಂದೆ ಹೇಳುವುದು ಹೇಗೆ? ಅವಳ ಪಕ್ಕದವಳೂ ನಿಲ್ಲಿಸಿದಳು. ಅವಳ ಪಕ್ಕದವಳೂ. ಹಿಂದಿನ ಬೆಂಚುಗಳೆಲ್ಲ ಮೌನವಾದವು. ಮುಂದಿನವರ ದನಿಗಳು ಮಾತ್ರ ತೆಳ್ಳಗೆ ಕೇಳಿದವು. ಅವರೂ ಗಾಬರಿಯಾಗಿ ಹಿಂದೆ ತಿರುಗಿ ನೋಡಿದರು.

ಪಾದ್ರಿ ಬೆವರು ಒರೆಸಿಕೊಂಡ. ಎಲ್ಲರೂ ಸೇರಿ ಹೇಳೋಣ ಎಂದು ಮೊದಲಿನಿಂದ ಶುರು ಮಾಡಿದ. ಹಿಂದಿನ ಬೆಂಚುಗಳು ಅದಕ್ಕೆ ಮೊದಲಿನ, ಅನ್ನ ಬೇಡುವ ಸಾಲಿನವರೆಗೂ ಗಟ್ಟಿಯಾಗಿ ಹೇಳಿ, ಆ ಸಾಲಿಗೆ ಮತ್ತೆ ನಿಂತವು. ಈ ಸಲ ನಡುವಿನ ಬೆಂಚುಗಳಿಂದಲೂ ಕೆಲವರ ದನಿ ಹೋಯಿತು.

ಮೂರನೆಯ ಸಲ ಶುರು ಮಾಡಿದಾಗ ಪಾದ್ರಿ ಮೊದಲ ಬೆಂಚಿನ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದ. ಆ ಸಾಲು ಬಂತು. ಅವನ ತುಟಿ ತೆರೆಯಲಿಲ್ಲ.

ಯಜಮಾನನ ದನಿಯೊಂದೇ ಆ ಸಾಲನ್ನು ಹೇಳಿತು. ಅವನೇ ಮಾಡಿಸಿದ ಮಾಡಿನ ಕೆಳಗೆ ಅದು ದೊಡ್ಡದಾಗಿ ಕೇಳಿತು. ಅವನ ಹೆಂಡತಿ ಕತ್ತು ತಿರುಗಿಸಿ ಅವನ ಮುಖವನ್ನೇ ನೋಡುತ್ತಿದ್ದಳು. ಸಾಲಿನ ನಡುವೆ ಅವನು ಒಮ್ಮೆ ಕೆಮ್ಮಿದ. ಮುಂದೆ ಹೇಳಲು ಬಾಯಿ ತೆರೆದ. ದನಿ ಹೊರಡಲಿಲ್ಲ.

ಹೊರಗೆ ಬೀಡಿ ಸೇದುತ್ತಿದ್ದವರು ಬಾಗಿಲಿಗೆ ಬಂದು ಇಣುಕಿದರು. ಯಾರೂ ಕೂರಲಿಲ್ಲ. ಯಾರೂ ಆಮೆನ್ ಅನ್ನಲಿಲ್ಲ.